ಬೋರ್‌ವೆಲ್ ನೀರಿನ ವಿಷವನ್ನು ಬಣ್ಣ ಹೇಳುತ್ತಾ?

‘ನೀರನ್ನು ಕುದಿಸಿ ಆರಿಸಿ ಕುಡಿಯಿರಿ’ ಅನ್ನುವ ಮಾತು ಚಿಕ್ಕಂದಿನಿಂದ ಕೇಳಿ ಕೇಳಿ ನಮಗೆಲ್ಲ ಬಾಯಿಪಾಠ. ಕಾಲರಾ, ಟೈಫಾಯ್ಡ್ ವಿಷಯದಲ್ಲಿ ಇದು ನೂರಕ್ಕೆ ನೂರು ಸರಿ. ಆದರೆ ನೀರಿನಲ್ಲಿ ಆರ್ಸೆನಿಕ್ ಇದ್ದರೆ? ಕುದಿಸಿದಷ್ಟೂ ನೀರು ಆವಿಯಾಗಿ ಹೋಗುತ್ತೆ, ಆರ್ಸೆನಿಕ್ ಮಾತ್ರ ಪಾತ್ರೆಯಲ್ಲೇ ಕೂತಿರುತ್ತೆ. ಕುದಿಸಿದ ನೀರಿನಲ್ಲಿ ಅದರ ಸಾಂದ್ರತೆ ಸ್ವಲ್ಪ ಹೆಚ್ಚೇ ಆಗಿರುತ್ತೆ ಹೊರತು ಕಡಿಮೆ ಆಗಿರಲ್ಲ. ಸೀಸ, ಕ್ಯಾಡ್ಮಿಯಂಗಳ ಕಥೆಯೂ ಇದೇ. ಇವಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಈ ಪ್ರಮಾಣದಲ್ಲಿ ರುಚಿಯೂ ಇಲ್ಲ. ಕನ್ನಡಿಯ ಹಾಗೆ ತಿಳಿಯಾಗಿರುವ ನೀರು ವರ್ಷಗಟ್ಟಲೆ ಮೈಯೊಳಗೆ ವಿಷ ತುಂಬುತ್ತಾ ಹೋಗಬಹುದು.

ಆರ್ಸೆನಿಕ್ ಅಂದ್ರೆ ಬಂಗಾಳದ ಸಮಸ್ಯೆ, ನಮಗೇನು ಅನ್ನಬೇಡಿ. ಯಾದಗಿರಿ ಜಿಲ್ಲೆಯಲ್ಲಿ ಹಿಂದೆ ಚಿನ್ನದ ಗಣಿ ನಡೆದಿದ್ದ ಮಂಗಳೂರು ಎಂಬ ಊರಿದೆ (ಕಡಲತೀರದ ಮಂಗಳೂರಲ್ಲ, ಸುರಪುರದ ಕಡೆಯದು). ಆ ಭಾಗದ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಇರುವುದನ್ನೂ, ಜನರ ಚರ್ಮದ ಮೇಲೆ ಅದರ ವಿಷದ ಗುರುತುಗಳು ಮೂಡಿರುವುದನ್ನೂ ಸಂಶೋಧಕರು 2013ರಲ್ಲಿ ಪ್ರಕಟಿಸಿದರು. ಚಿನ್ನ ಸಿಗುವ ಕಲ್ಲಿನಲ್ಲಿ ಆರ್ಸೆನೊಪೈರೈಟ್ ಎಂಬ ಖನಿಜ ಜೊತೆಜೊತೆಗೇ ಸಿಗೋದು ಭೂವಿಜ್ಞಾನದವರಿಗೆ ಹಳೇ ವಿಷಯ. ಆ ಕಲ್ಲಿಗೆ ಗಾಳಿ, ನೀರು ತಾಕುತ್ತಾ ಹೋದಂತೆ ಆರ್ಸೆನಿಕ್ ಕರಗಿ ಅಂತರ್ಜಲಕ್ಕೆ ಇಳಿಯುತ್ತೆ. ಅಂಗೈ ಅಂಗಾಲು ದಪ್ಪಗಟ್ಟಿ ಗಂಟುಗಂಟಾಗುವುದು, ಮೈಮೇಲೆ ಕಪ್ಪು ಬಿಳಿ ಚುಕ್ಕೆ ಏಳುವುದು, ಕೊನೆಗೆ ಕ್ಯಾನ್ಸರ್. ಲಕ್ಷಣ ಕಾಣಿಸುವ ಹೊತ್ತಿಗೆ ಆ ನೀರು ಕುಡಿಯಲು ಶುರುಮಾಡಿ ವರ್ಷಗಳೇ ಕಳೆದಿರುತ್ತವೆ.

ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿಗೆ ಆರ್ಸೆನಿಕ್ 10 ಮೈಕ್ರೋಗ್ರಾಂ, ಸೀಸ 10, ಕ್ಯಾಡ್ಮಿಯಂ 3, ಪಾದರಸ ಬರೀ 1 ಮೈಕ್ರೋಗ್ರಾಂ ಮಿತಿ. ಲೀಟರಿಗೆ ಒಂದು ಮೈಕ್ರೋಗ್ರಾಂ ಅಂದ್ರೆ ಒಂದು ಪಿಪಿಬಿ. ಅಂದಾಜು ಸಿಗಲಿ ಅಂತ ಒಂದು ಲೆಕ್ಕ: ಪುಡಿ ಉಪ್ಪಿನ ಒಂದು ಕಣ ಹೆಚ್ಚುಕಡಿಮೆ 60 ಮೈಕ್ರೋಗ್ರಾಂ ತೂಗುತ್ತೆ. ಹನ್ನೆರಡು ಲೀಟರಿನ ಬಿಂದಿಗೆಗೆ ಅಂಥ ಎರಡು ಕಣ ಹಾಕಿದರೆ 10 ಪಿಪಿಬಿ. ಅಷ್ಟನ್ನು ಪತ್ತೆಮಾಡಬೇಕು, ಅದೂ ಆ ಬಿಂದಿಗೆಯಲ್ಲಿ ಈಗಾಗಲೇ ಗ್ರಾಂಗಟ್ಟಲೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಲೋರೈಡ್ ಕರಗಿರುವಾಗ.

ಇದನ್ನು ಮಾಡುವ ಯಂತ್ರ ಇಲ್ಲವೆಂದಲ್ಲ. ಐಸಿಪಿ-ಎಂಎಸ್ ಎಂಬ ಉಪಕರಣ ನೀರಿನ ಹನಿಯನ್ನು ಆರ್ಗಾನ್ ಪ್ಲಾಸ್ಮಾದಲ್ಲಿ ಸುಟ್ಟು, ಅಯಾನುಗಳನ್ನು ತೂಕದ ಮೇಲೆ ಬೇರ್ಪಡಿಸಿ ಎಣಿಸುತ್ತೆ; ಒಂದು ಪಿಪಿಬಿ ಅದಕ್ಕೆ ದೊಡ್ಡ ಮಾತೇ ಅಲ್ಲ. ಆದರೆ ಅದಕ್ಕೆ ಎಸಿ ಕೋಣೆ ಬೇಕು, ಆರ್ಗಾನ್ ಸಿಲಿಂಡರ್ ಬೇಕು, ತರಬೇತಿ ಪಡೆದವರು ಬೇಕು. ತಾಂಡಾದ ನೀರು ಬಾಟಲಿಯಲ್ಲಿ ತುಂಬಿ, ಆಮ್ಲ ಹಾಕಿ, ಊರಿಂದ ಊರಿಗೆ ಹೋಗಿ ವರದಿ ವಾಪಸ್ ಬರೋವರೆಗೂ ಮನೆಯವರು ಅದೇ ನೀರು ಕುಡೀತಿರ್ತಾರೆ. ಹಾಗಾದರೆ ಬೋರ್‌ವೆಲ್ ಪಕ್ಕದಲ್ಲೇ ನಿಂತು, ಹತ್ತು ಹದಿನೈದು ನಿಮಿಷದಲ್ಲಿ ‘ಕುಡೀಬಹುದು’, ‘ಬೇಡ’ ಅಂತ ಹೇಳಲು ಸಾಧ್ಯವೇ? ನ್ಯಾನೊಜೈಮ್ ಮೇಲೆ ಕೆಲಸ ಮಾಡುವವರು ‘ಸಾಧ್ಯ’ ಅಂತಾರೆ. ಅದು ಹೇಗೆ, ಮತ್ತು ಆ ‘ಸಾಧ್ಯ’ವನ್ನು ಎಷ್ಟರಮಟ್ಟಿಗೆ ನಂಬಬಹುದು, ನೋಡೋಣ.

ಬದನೆಕಾಯಿಯಿಂದ ನ್ಯಾನೊಕಣದವರೆಗೆ

ಬದನೆಕಾಯಿ ಹೆಚ್ಚಿ ಹಾಗೇ ಬಿಟ್ಟರೆ ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತೆ. ಅದಕ್ಕೇ ಅಮ್ಮ ಹೋಳುಗಳನ್ನು ನೀರಿಗೆ ಹಾಕಿಡೋದು. ಬದನೆಯೊಳಗಿನ ಒಂದು ಕಿಣ್ವ, ಅಂದರೆ ಎನ್‌ಜೈಮ್, ಗಾಳಿಯ ಆಕ್ಸಿಜನ್ ಬಳಸಿಕೊಂಡು ಅಲ್ಲಿನ ಬಣ್ಣವಿಲ್ಲದ ಅಣುಗಳನ್ನು ಉತ್ಕರ್ಷಿಸಿ ಕಂದು ಬಣ್ಣದವನ್ನಾಗಿ ಮಾಡುತ್ತೆ. ಬೇಯಿಸಿದ ಮೇಲೆ ಈ ಆಟ ನಡೆಯಲ್ಲ. ಕಿಣ್ವ ಪ್ರೋಟೀನ್ ಆಗಿರೋದರಿಂದ ಶಾಖಕ್ಕೆ ಅದರ ಆಕಾರ ಕೆಟ್ಟುಹೋಗುತ್ತೆ.

ಇದೇ ತರಹದ ಇನ್ನೊಂದು ಕಿಣ್ವ ಪೆರಾಕ್ಸಿಡೇಸ್. ಪ್ರಯೋಗಾಲಯಗಳಲ್ಲಿ ಬಳಸುವುದು ಹಾರ್ಸ್‌ರ‍್ಯಾಡಿಶ್ ಎಂಬ ಖಾರದ ಬೇರಿನಿಂದ ತೆಗೆದದ್ದು. ಆ ಗಿಡ ನಮ್ಮ ಮೂಲಂಗಿ, ಸಾಸಿವೆಯ ಕುಟುಂಬಕ್ಕೇ ಸೇರಿದ್ದು. ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಟಿಎಂಬಿ ಎಂಬ ಬಣ್ಣವಿಲ್ಲದ ರಾಸಾಯನಿಕವನ್ನು ಕೊಟ್ಟರೆ ಈ ಕಿಣ್ವ ಅದನ್ನು ಗಾಢ ನೀಲಿ ಮಾಡುತ್ತೆ. ರಕ್ತಪರೀಕ್ಷೆಯ ಎಲೈಸಾ ಕಿಟ್‌ಗಳಲ್ಲಿ ಬಣ್ಣ ಬರೋದು ಬಹಳಷ್ಟು ಸಲ ಹೀಗೇ. ತೊಂದರೆ ಏನಂದ್ರೆ ಕಿಣ್ವವನ್ನು ತಂಪಿನಲ್ಲಿ ಇಡಬೇಕು, ಬೆಲೆ ಜಾಸ್ತಿ, ಬಿಸಿಲಿಗೆ ಕೆಡುತ್ತೆ.

2007ರಲ್ಲಿ ಚೀನಾದ ಶಿಯುನ್ ಯಾನ್ ಅವರ ತಂಡ ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿತು. ಮ್ಯಾಗ್ನೆಟೈಟ್, ಅಂದರೆ ಕಬ್ಬಿಣದ ಆಕ್ಸೈಡಿನ ನ್ಯಾನೊಕಣಗಳು, ಯಾವ ಕಿಣ್ವದ ಸಹಾಯವೂ ಇಲ್ಲದೆ ಟಿಎಂಬಿಯನ್ನು ನೀಲಿ ಮಾಡುತ್ತವೆ! ಅಲ್ಲಿಯವರೆಗೆ ಈ ಕಣಗಳನ್ನು ಏನೂ ಮಾಡದ ಜಡ ವಸ್ತು ಅಂತಲೇ ನೋಡಲಾಗುತ್ತಿತ್ತು. ಆಯಸ್ಕಾಂತದಿಂದ ಎಳೆಯಲು ಅನುಕೂಲ ಅಂತ ಬಳಸುತ್ತಿದ್ದರು, ಅಷ್ಟೇ. 90 ಡಿಗ್ರಿಯವರೆಗೆ ಕಾಯಿಸಿ ತಣಿಸಿದರೂ ಅವುಗಳ ಶಕ್ತಿ ಉಳಿದಿತ್ತು. ‘ನ್ಯಾನೊಜೈಮ್’ ಎಂಬ ಹೆಸರನ್ನು ಇಟಲಿಯ ರಸಾಯನವಿಜ್ಞಾನಿಗಳು 2004ರಲ್ಲೇ ಚಿನ್ನದ ಕಣಗಳ ಒಂದು ಕೆಲಸಕ್ಕೆ ಇಟ್ಟಿದ್ದರು; 2007ರ ನಂತರ ಅದು ಎಲ್ಲೆಡೆ ಓಡಾಡತೊಡಗಿತು. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಪ್ರೊ. ಜಿ. ಮುಗೇಶ್ ಅವರ ತಂಡ 2014ರಲ್ಲಿ ವೆನೇಡಿಯಂ ಪೆಂಟಾಕ್ಸೈಡಿನ ನ್ಯಾನೊತಂತಿಗಳು ನಮ್ಮ ಜೀವಕೋಶದೊಳಗಿನ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಕಿಣ್ವದಂತೆ ಕೆಲಸ ಮಾಡುತ್ತವೆ ಎಂದು ತೋರಿಸಿತು. ಅದು ನೀರಿನ ಪರೀಕ್ಷೆಯ ಕೆಲಸವಲ್ಲ, ಆದರೆ ಈ ವಿದ್ಯೆ ನಮ್ಮೂರಿಗೆ ಹೊಸದಲ್ಲ ಅಂತ ಗೊತ್ತಿರಲಿ.

ನ್ಯಾನೊ ಗಾತ್ರವೇ ಯಾಕೆ ಅಂದ್ರೆ, ವೇಗವರ್ಧಕದ ಕೆಲಸ ನಡೆಯೋದೆಲ್ಲ ಮೇಲ್ಮೈಯಲ್ಲಿ. ಒಂದು ಸೆಂಟಿಮೀಟರ್ ಬದಿಯ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೊಮೀಟರಿನ ಪುಟ್ಟ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್, ಮೂರು ವಾಲಿಬಾಲ್ ಅಂಗಳಕ್ಕಿಂತ ಹೆಚ್ಚು.

ದೌರ್ಬಲ್ಯವೇ ಇಲ್ಲಿ ಬಂಡವಾಳ

ಮೆಕ್ಯಾನಿಕಲ್‌ನವರಿಗೆ ಒಂದು ಪ್ರಶ್ನೆ: ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್‌ಗೂ ಸೀಸ ಬೆರೆತ ಪೆಟ್ರೋಲಿಗೂ ಯಾಕೆ ಆಗಿಬರಲ್ಲ? ಸೀಸ ಹೋಗಿ ಪ್ಲಾಟಿನಂ ಮೇಲ್ಮೈಗೆ ಅಂಟಿಕೊಂಡು ಅದನ್ನು ಸಾಯಿಸುತ್ತೆ. ಇದಕ್ಕೆ ‘ಕ್ಯಾಟಲಿಸ್ಟ್ ಪಾಯ್ಸನಿಂಗ್’ ಅಂತಲೇ ಹೆಸರು. ಕಾರಿನಲ್ಲಿ ಇದು ನಷ್ಟ. ನೀರಿನ ಪರೀಕ್ಷೆಯಲ್ಲಿ ಇದೇ ಲಾಭ. ವೇಗವರ್ಧಕಕ್ಕೆ ವಿಷವಾಗುವ ಲೋಹ ನೀರಿನಲ್ಲಿದ್ದರೆ ನೀಲಿ ಬಣ್ಣ ಕಡಿಮೆಯಾಗುತ್ತೆ. ಎಷ್ಟು ಕಡಿಮೆಯಾಯ್ತು ಅನ್ನೋದನ್ನು ಅಳೆದರೆ ಎಷ್ಟು ಲೋಹ ಇತ್ತು ಅಂತ ಗೊತ್ತಾಗುತ್ತೆ. ಒಂದು ಕಣ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಿರೋದರಿಂದ, ಅದರ ಒಂದು ಜಾಗಕ್ಕೆ ಕೂತ ಒಂದು ಅಯಾನು ಎಷ್ಟೋ ಟಿಎಂಬಿ ಅಣುಗಳನ್ನು ನೀಲಿಯಾಗದಂತೆ ತಡೆದಿರುತ್ತೆ. ಪಿಪಿಬಿಯಷ್ಟು ಸಣ್ಣ ಪ್ರಮಾಣ ಕಣ್ಣಿಗೆ ಕಾಣುವ ಬಣ್ಣವಾಗೋದು ಹೀಗೆ.

ಎಲ್ಲಾ ಲೋಹವೂ ಒಂದೇ ರೀತಿ ವರ್ತಿಸಲ್ಲ. ಪಾದರಸವನ್ನೇ ನೋಡಿ. ಪ್ಲಾಟಿನಂ ಕಣಗಳ ಮೇಲೆ ಕೂತರೆ ಅವುಗಳ ಕೆಲಸ ನಿಲ್ಲಿಸುತ್ತೆ. ಸಿಟ್ರೇಟ್ ಹೊದಿಕೆಯ ಚಿನ್ನದ ಕಣಗಳ ಮೇಲೆ ಅದೇ ಪಾದರಸ ಕೂತರೆ ಉಲ್ಟಾ! ಮಂದವಾಗಿದ್ದ ಚಿನ್ನ ಚುರುಕಾಗಿ ನೀಲಿ ಹೆಚ್ಚಾಗುತ್ತೆ. ಚಿನ್ನ ಪಾದರಸ ಸೇರಿ ರಸಮಿಶ್ರಣ ಆಗೋದು ಅಕ್ಕಸಾಲಿಗರಿಗೆ ತಲೆಮಾರುಗಳಿಂದ ಗೊತ್ತು. ಇಲ್ಲಿ ಅದೇ ಘಟನೆ ನ್ಯಾನೊಕಣದ ಮೇಲೆ ನಡೆದು ಮೇಲ್ಮೈಯ ಗುಣವನ್ನೇ ಬದಲಿಸುತ್ತೆ. ಮೂರನೇ ಉಪಾಯವೂ ಇದೆ. ಕಣಕ್ಕೆ ಮೊದಲೇ ಸಿಸ್ಟೀನ್ ಎಂಬ ಗಂಧಕವಿರುವ ಅಮೈನೊ ಆಮ್ಲ ಹಾಕಿ ಬಾಯಿ ಮುಚ್ಚಿಸಿಡೋದು. ಪಾದರಸಕ್ಕೆ ಗಂಧಕ ಅಂದ್ರೆ ಪ್ರಾಣ. ಅದು ಬಂದು ಸಿಸ್ಟೀನನ್ನು ಕಿತ್ತುಕೊಂಡು ಹೋಗುತ್ತೆ, ಕಣ ಮತ್ತೆ ಕೆಲಸ ಶುರುಮಾಡುತ್ತೆ, ನೀಲಿ ಬರುತ್ತೆ.

ಹೀಗಾಗಿ ಎರಡು ಬಗೆಯ ಪರೀಕ್ಷೆಗಳಾದವು. ಲೋಹ ಇದ್ದರೆ ಬಣ್ಣ ಬರುವಂಥದ್ದು ಒಂದು, ಲೋಹ ಇದ್ದರೆ ಬಣ್ಣ ಕುಗ್ಗುವಂಥದ್ದು ಇನ್ನೊಂದು. ಇದೇನು ಮಹಾ ವ್ಯತ್ಯಾಸ ಅನ್ನಿಸಬಹುದು. ನಮ್ಮ ಪ್ರಕಾರ ಇಡೀ ವಿಷಯದ ಜೀವ ಇರೋದೇ ಇಲ್ಲಿ. ಯಾಕೆ ಅನ್ನೋದಕ್ಕೆ ಆರ್ಸೆನಿಕ್ ಪರೀಕ್ಷೆಯನ್ನೇ ಬಿಡಿಸಿ ನೋಡಬೇಕು.

ತುಕ್ಕಿಗೆ ಆರ್ಸೆನಿಕ್ ಮೋಹ

ಕಬ್ಬಿಣದ ತುಕ್ಕಿನ ಹತ್ತಿರದ ನೆಂಟ ಕಬ್ಬಿಣದ ಆಕ್ಸಿಹೈಡ್ರಾಕ್ಸೈಡ್. ಅದರ ನ್ಯಾನೊಕಡ್ಡಿಗಳಿಗೆ ಪೆರಾಕ್ಸಿಡೇಸ್ ಗುಣ ಇದೆ. ಜೊತೆಗೆ ಆರ್ಸೆನಿಕ್ ಅಂದ್ರೆ ಬಿಡದ ಮೋಹವೂ ಇದೆ. ಈ ಮೋಹವನ್ನೇ ಬಳಸಿ ಐಐಟಿ ಮದ್ರಾಸಿನ ಪ್ರೊ. ಟಿ. ಪ್ರದೀಪ್ ಅವರ ತಂಡ ನೀರಿನಿಂದ ಆರ್ಸೆನಿಕ್ ತೆಗೆಯುವ ಶೋಧಕ ರೂಪಿಸಿದೆ. ಪತ್ತೆಯ ಕೆಲಸಕ್ಕೂ ಅದೇ ಮೋಹ ಸಾಕು. ಆರ್ಸೆನೇಟ್ ಅಯಾನುಗಳು ಹೋಗಿ ಕಬ್ಬಿಣದ ಜಾಗಗಳನ್ನು ಹಿಡಿದು ಕೂರುತ್ತವೆ, ಪೆರಾಕ್ಸೈಡಿಗೆ ಜಾಗ ಸಿಗಲ್ಲ, ನೀಲಿ ಕುಗ್ಗುತ್ತೆ.

ಮಾಡುವ ವಿಧಾನ ಸುಲಭ. ಒಂದೆರಡು ಮಿಲಿಲೀಟರ್ ನೀರು, ಪಿಎಚ್ 4ರ ಆಸುಪಾಸಿನ ಅಸಿಟೇಟ್ ಬಫರ್, ನ್ಯಾನೊಕಣದ ದ್ರಾವಣ. ಲೋಹ ಹೋಗಿ ಕೂರಲಿ ಅಂತ ಕೆಲವು ನಿಮಿಷ ಬಿಡಬೇಕು. ಆಮೇಲೆ ಟಿಎಂಬಿ ಮತ್ತು ಪೆರಾಕ್ಸೈಡ್. ಗೊತ್ತುಮಾಡಿದ ಹೊತ್ತಿಗೆ ಸರಿಯಾಗಿ ಬಣ್ಣ ನೋಡಬೇಕು, ಯಾಕಂದ್ರೆ ಬಣ್ಣ ಏರುತ್ತಲೇ ಇರುತ್ತೆ. ಲ್ಯಾಬ್‌ನಲ್ಲಾದರೆ 652 ನ್ಯಾನೊಮೀಟರಿನಲ್ಲಿ ಅಬ್ಸಾರ್ಬೆನ್ಸ್ ಅಳೆಯುತ್ತಾರೆ.

ಡಿಸ್ಟಿಲ್ಡ್ ನೀರಿಗೆ ಆರ್ಸೆನಿಕ್ ಬೆರೆಸಿ ಮಾಡಿದರೆ ಗ್ರಾಫ್ ಗೀಟು ಎಳೆದ ಹಾಗೆ ಬರುತ್ತೆ. ಬೋರ್‌ವೆಲ್ ನೀರು ಹಾಕಿದಾಗ ಮಜಾ ಶುರು.

ಮೊದಲನೆಯದು ಫಾಸ್ಫೇಟ್. ಪೀರಿಯಾಡಿಕ್ ಟೇಬಲ್‌ನಲ್ಲಿ ರಂಜಕದ ನೇರ ಕೆಳಗೇ ಆರ್ಸೆನಿಕ್ ಇದೆ. ಫಾಸ್ಫೇಟ್, ಆರ್ಸೆನೇಟ್ ಎರಡೂ ಅವಳಿಗಳ ಹಾಗೆ. ನಮ್ಮ ದೇಹ ಮೋಸ ಹೋಗೋದೂ ಹೀಗೇ, ಎಟಿಪಿ ತಯಾರಾಗುವ ಕಡೆ ಫಾಸ್ಫೇಟ್ ಜಾಗಕ್ಕೆ ಆರ್ಸೆನೇಟ್ ನುಗ್ಗುತ್ತೆ. ದೇಹಕ್ಕೇ ಗೊತ್ತಾಗದ ವ್ಯತ್ಯಾಸ ತುಕ್ಕಿನ ಕಡ್ಡಿಗೆ ಗೊತ್ತಾಗುತ್ತಾ? ಹೊಲಕ್ಕೆ ಡಿಎಪಿ ಗೊಬ್ಬರ ಹಾಕಿರುವ ಕಡೆ ಬಾವಿಗೆ ಫಾಸ್ಫೇಟ್ ಇಳಿದಿದ್ದರೆ ಅದೂ ಹೋಗಿ ಅದೇ ಜಾಗದಲ್ಲಿ ಕೂತು ನೀಲಿ ಕುಗ್ಗಿಸುತ್ತೆ. ಆರ್ಸೆನಿಕ್ ಇಲ್ಲದಿದ್ದರೂ ಇದೆ ಅನ್ನಿಸುತ್ತೆ.

ಎರಡನೆಯದು ಆರ್ಸೆನಿಕ್ಕಿನ ಇನ್ನೊಂದು ರೂಪ. ಆಳದ, ಆಕ್ಸಿಜನ್ ಕಡಿಮೆ ಇರುವ ಅಂತರ್ಜಲದಲ್ಲಿ ಅದು ಆರ್ಸೆನೈಟ್ ಆಗಿರುತ್ತೆ, ಅದೇ ಹೆಚ್ಚು ಅಪಾಯಕಾರಿ. ಆರ್ಸೆನೇಟ್ ಹಿಡಿಯುವ ಪರೀಕ್ಷೆಗೆ ಇದನ್ನು ಮೊದಲು ಆಕ್ಸಿಡೈಸ್ ಮಾಡಿ ಆರ್ಸೆನೇಟ್ ಮಾಡಿಕೊಳ್ಳಬೇಕು. ಆದರೆ ಹಾಕಿದ ಆಕ್ಸಿಡೈಸರ್ ಸ್ವಲ್ಪ ಉಳಿದರೂ ಅದೇ ಟಿಎಂಬಿಯನ್ನು ನೀಲಿ ಮಾಡಿಬಿಡುತ್ತೆ!

ಮೂರನೆಯದು ಗಡಸುತನ. ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಇಡಿಟಿಎ ಟೈಟ್ರೇಶನ್ ಮಾಡಿ ಕೆಂಪು ನೀಲಿಗೆ ತಿರುಗೋದನ್ನು ಕಾದು ಕೂತಿದ್ದು ನೆನಪಿದೆಯಲ್ಲ? ಉತ್ತರ ಕರ್ನಾಟಕದ ಎಷ್ಟೋ ಬೋರ್‌ವೆಲ್‌ಗಳಲ್ಲಿ ನೀರು ಗಡಸು. ಅದರಲ್ಲಿನ ಬೈಕಾರ್ಬನೇಟ್ ಬಫರಿನ ಆಮ್ಲವನ್ನು ತಿಂದು ಪಿಎಚ್ ಏರಿಸುತ್ತೆ, ಪಿಎಚ್ ಏರಿದರೆ ಕಣದ ಚುರುಕು ಇಳಿಯುತ್ತೆ. ಬಫರ್ ಗಟ್ಟಿಯಾಗಿ ಹಾಕಿದರೆ ಇದು ಹೆಚ್ಚುಕಡಿಮೆ ಪರಿಹಾರವಾಗುವ ಸಮಸ್ಯೆ, ಹಾಗಾಗಿ ಇದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ.

ತಲೆಕೆಡಿಸಿಕೊಳ್ಳಬೇಕಾದ್ದು ಕ್ಲೋರಿನ್ ಬಗ್ಗೆ. ನಲ್ಲಿ ನೀರಿನಲ್ಲಿ ಉಳಿದಿರುವ ಕ್ಲೋರಿನ್ ಯಾವ ನ್ಯಾನೊಕಣವೂ ಇಲ್ಲದೆ ಟಿಎಂಬಿಯನ್ನು ತಾನೇ ಆಕ್ಸಿಡೈಸ್ ಮಾಡುತ್ತೆ. ಕಾರ್ಖಾನೆಗಳ ಕ್ರೋಮಿಯಂ-6 ಕೂಡ ಹಾಗೇ. ಈಗ ಯೋಚಿಸಿ. ನಮ್ಮ ಆರ್ಸೆನಿಕ್ ಪರೀಕ್ಷೆಯಲ್ಲಿ ನೀಲಿ ಅಂದ್ರೆ ‘ಸುರಕ್ಷಿತ’. ಆರ್ಸೆನಿಕ್ ಇರುವ ಬೋರ್‌ವೆಲ್ ನೀರಿಗೆ ಪಂಚಾಯ್ತಿಯವರು ಬ್ಲೀಚಿಂಗ್ ಪುಡಿ ಹಾಕಿದ್ದಾರೆ ಅಂತಿಟ್ಟುಕೊಳ್ಳಿ. ಆರ್ಸೆನಿಕ್ ಕುಗ್ಗಿಸಿದ ನೀಲಿಯನ್ನು ಕ್ಲೋರಿನ್ ತುಂಬಿಕೊಟ್ಟುಬಿಡುತ್ತೆ. ಟ್ಯೂಬ್ ನೀಲಿ, ಮನೆಯವರು ನಿಶ್ಚಿಂತೆ.

ಬೇಸಿಗೆಯೂ ಇದೇ ಮೋಸ ಮಾಡಬಹುದು. ಲ್ಯಾಬ್‌ನ 25 ಡಿಗ್ರಿಯಲ್ಲಿ ಮಾಡಿದ ಬಣ್ಣದ ಪಟ್ಟಿಯನ್ನು ಹಿಡಿದುಕೊಂಡು ಮೇ ತಿಂಗಳ ಯಾದಗಿರಿಗೆ ಹೋದರೆ ಅಲ್ಲಿ 40 ದಾಟಿರುತ್ತೆ. ಬಿಸಿಯಲ್ಲಿ ಕ್ರಿಯೆ ಬೇಗ ನಡೆದು ಅದೇ ಹತ್ತು ನಿಮಿಷಕ್ಕೆ ಹೆಚ್ಚು ನೀಲಿ ಬಂದರೆ, ವಿಷದ ನೀರು ಪಟ್ಟಿಯ ಪ್ರಕಾರ ಪಾಸ್!

ಫಾಸ್ಫೇಟ್ ಮಾಡುವ ತಪ್ಪಿಗೂ ಕ್ಲೋರಿನ್ ಮಾಡುವ ತಪ್ಪಿಗೂ ಇರುವ ಅಂತರ ಇಲ್ಲಿದೆ. ಮೊದಲನೆಯದರಲ್ಲಿ ಒಳ್ಳೇ ಬಾವಿಗೆ ಸುಮ್ಮನೆ ಕೆಟ್ಟ ಹೆಸರು ಬರುತ್ತೆ, ಲ್ಯಾಬ್‌ಗೆ ಕಳಿಸಿದ ಮೇಲೆ ಹೋಗುತ್ತೆ. ಎರಡನೆಯದರಲ್ಲಿ ಯಾರೂ ಲ್ಯಾಬ್‌ಗೆ ಕಳಿಸೋದೇ ಇಲ್ಲ. ಸಂಶೋಧನಾ ಲೇಖನಗಳಲ್ಲಿ ಎರಡನ್ನೂ ‘ಇಂಟರ್‌ಫಿಯರೆನ್ಸ್’ ಎಂಬ ಒಂದೇ ಬಾರ್ ಚಾರ್ಟಿನಲ್ಲಿ ಹಾಕಿ ಮುಗಿಸಿಬಿಡೋದನ್ನು ನೋಡಿದಾಗ ನಮಗೆ ಸಮಾಧಾನ ಆಗಲ್ಲ.

ಪರಿಹಾರ ಇಲ್ಲವೆಂದಲ್ಲ, ಮತ್ತು ಅದಕ್ಕೆ ಹೊಸ ನ್ಯಾನೊವಸ್ತುವೇನೂ ಬೇಕಾಗಿಲ್ಲ. ಒಂದು ಟ್ಯೂಬಿನ ಬದಲು ನಾಲ್ಕು ಟ್ಯೂಬ್ ಇಡಿ. ಒಂದರಲ್ಲಿ ಪರೀಕ್ಷೆಯ ನೀರು. ಇನ್ನೊಂದರಲ್ಲಿ ಅದೇ ನೀರು, ಆದರೆ ನ್ಯಾನೊಕಣ ಇಲ್ಲ. ಇದು ನೀಲಿಯಾದರೆ ಕ್ಲೋರಿನ್ನಿನಂಥದ್ದು ಇದೆ ಅಂತಲೇ ಅರ್ಥ, ಆ ಫಲಿತಾಂಶವನ್ನು ನಂಬಬೇಡಿ. ಮೂರನೆಯದರಲ್ಲಿ ಆರ್ಸೆನಿಕ್ ಇಲ್ಲವೆಂದು ಗೊತ್ತಿರುವ ನೀರು. ನಾಲ್ಕನೆಯದರಲ್ಲಿ ಲ್ಯಾಬ್‌ನಿಂದ ತಂದ 10 ಪಿಪಿಬಿಯ ನೀರು. ನಾಲ್ಕೂ ಅದೇ ಬಿಸಿಲಲ್ಲಿ, ಅದೇ ಹೊತ್ತು ನಿಂತಿರೋದರಿಂದ ತಾಪಮಾನದ ಮೋಸವೂ ಹಿಡಿಯಬಹುದು. ಮೊಬೈಲ್ ಕ್ಯಾಮೆರಾದಲ್ಲಿ ಬಣ್ಣ ಅಳೆಯುವವರೂ ನಾಲ್ಕನ್ನೂ ಒಂದೇ ಫೋಟೋದಲ್ಲಿ ತೆಗೆಯಬೇಕು. ಇಲ್ಲದಿದ್ದರೆ ಫೋನಿನ ಆಟೋ ವೈಟ್ ಬ್ಯಾಲೆನ್ಸ್ ಪ್ರತೀ ಸಲ ತನಗೆ ತೋಚಿದ ನೀಲಿ ಕೊಡುತ್ತೆ. ಮತ್ತೊಂದು ಮಾತು. ಸಾಧ್ಯವಿರುವ ಕಡೆ ಲೋಹ ಬಂದಾಗ ಬಣ್ಣ ಬರುವ ಪರೀಕ್ಷೆಯನ್ನೇ ಆರಿಸಬೇಕು. ಬಿಳಿಯಿಂದ ತೆಳು ನೀಲಿಗೆ ಆದ ಬದಲಾವಣೆ ಬರಿಗಣ್ಣಿಗೆ ಥಟ್ಟಂತ ಗೊತ್ತಾಗುತ್ತೆ, ಗಾಢ ನೀಲಿ ಹತ್ತರಲ್ಲೊಂದು ಪಾಲು ಕುಗ್ಗಿದ್ದು ಗೊತ್ತಾಗಲ್ಲ. ಅಲ್ಲಿ ಕ್ಲೋರಿನ್ ಮಾಡುವ ತಪ್ಪೂ ಬರೀ ಸುಳ್ಳು ಎಚ್ಚರಿಕೆಯಾಗಿ ಉಳಿಯುತ್ತೆ.

ಪೇಪರ್ ಓದುವಾಗ ಒಂದು ಲೆಕ್ಕ

ಪ್ರಾಜೆಕ್ಟ್‌ಗೆ ಈ ವಿಷಯ ತಗೊಳ್ಳೋರಿಗೆ ಒಂದು ಸಣ್ಣ ಸಲಹೆ. ಲೇಖನಗಳಲ್ಲಿ ಪತ್ತೆಯ ಮಿತಿಯನ್ನು ನ್ಯಾನೊಮೋಲಾರ್‌ನಲ್ಲಿ ಹೇಳ್ತಾರೆ, ಮಾನಕದಲ್ಲಿ ಮಿಲಿಗ್ರಾಂ ಇರುತ್ತೆ. ಪರಮಾಣು ತೂಕದಿಂದ ಭಾಗಿಸಿ ನೋಡಿ. ಆರ್ಸೆನಿಕ್ 10 ಪಿಪಿಬಿ ಅಂದ್ರೆ ಸುಮಾರು 133 ನ್ಯಾನೊಮೋಲಾರ್, ಸೀಸದ 10 ಪಿಪಿಬಿ 48, ಕ್ಯಾಡ್ಮಿಯಂನ 3 ಪಿಪಿಬಿ 27, ಪಾದರಸದ 1 ಪಿಪಿಬಿ ಬರೀ 5. ಯಾರಾದರೂ ಪಾದರಸಕ್ಕೆ ‘50 ನ್ಯಾನೊಮೋಲಾರ್, ಅತಿ ಸೂಕ್ಷ್ಮ’ ಅಂತ ಬರೆದಿದ್ದರೆ ಅದು ಕುಡಿಯುವ ನೀರಿನ ಮಿತಿಗಿಂತ ಹತ್ತು ಪಟ್ಟು ಹೆಚ್ಚು. ಅದೇ 50 ಆರ್ಸೆನಿಕ್‌ಗಾದರೆ ಕೆಲಸಕ್ಕೆ ಬರುತ್ತೆ. ಇನ್ನು ಪತ್ತೆಯ ಮಿತಿ ಅನ್ನೋದು ಸಾಮಾನ್ಯವಾಗಿ ಬ್ಲಾಂಕ್‌ನ ಸ್ಟ್ಯಾಂಡರ್ಡ್ ಡೀವಿಯೇಶನ್ನಿನ ಮೂರು ಪಟ್ಟನ್ನು ಗ್ರಾಫಿನ ಇಳಿಜಾರಿನಿಂದ ಭಾಗಿಸಿ ಬಂದ ಸಂಖ್ಯೆ. ಆ ಬ್ಲಾಂಕ್ ಡಿಸ್ಟಿಲ್ಡ್ ನೀರಾ, ಬಾವಿ ನೀರಾ ಅಂತ ಮೊದಲು ನೋಡಿ.

ಬಾಂಗ್ಲಾದೇಶದ ಕೊಳವೆಬಾವಿಗಳು

ಬಾವಿಯ ಪಕ್ಕದಲ್ಲೇ ಬಣ್ಣ ನೋಡಿ ತೀರ್ಮಾನಿಸುವ ಕೆಲಸ ನ್ಯಾನೊಜೈಮ್‌ಗಿಂತ ಮೊದಲೇ ಭಾರಿ ಪ್ರಮಾಣದಲ್ಲಿ ನಡೆದಿದೆ. ಬಾಂಗ್ಲಾದೇಶದಲ್ಲಿ ಈ ಶತಮಾನದ ಆರಂಭದ ವರ್ಷಗಳಲ್ಲಿ ಸುಮಾರು 50 ಲಕ್ಷ ಕೊಳವೆಬಾವಿಗಳನ್ನು ಫೀಲ್ಡ್ ಕಿಟ್‌ನಿಂದ ಪರೀಕ್ಷಿಸಿ, ಅಲ್ಲಿನ ಮಿತಿಯಾದ 50 ಪಿಪಿಬಿ ದಾಟಿದರೆ ಪಂಪಿಗೆ ಕೆಂಪು, ಇಲ್ಲದಿದ್ದರೆ ಹಸಿರು ಬಣ್ಣ ಬಳಿದರು. ಆ ಕಿಟ್‌ನ ರಸಾಯನ ಹಳೆಯದು: ನೀರಿನ ಆರ್ಸೆನಿಕ್ಕನ್ನು ಆರ್ಸೀನ್ ಅನಿಲವಾಗಿಸಿ, ಮರ್ಕ್ಯುರಿಕ್ ಬ್ರೋಮೈಡ್ ಸವರಿದ ಕಾಗದದ ಮೇಲೆ ಹಳದಿ-ಕಂದು ಕಲೆ ಮೂಡಿಸುವುದು. ಆರ್ಸೀನ್ ಘೋರ ವಿಷ, ಕಾಗದದಲ್ಲಿರೋದು ಪಾದರಸ. ಮಿತಿಯ ಆಸುಪಾಸಿನ ಬಾವಿಗಳಲ್ಲಿ ಕಲೆಯ ಬಣ್ಣ ಓದೋದು ಕಷ್ಟವಾಗಿ ತಪ್ಪುಗಳೂ ಆದವು. ಆದರೂ ಕೆಂಪು ಬಳಿದ ಪಂಪ್ ಬಿಟ್ಟು ಪಕ್ಕದ ಹಸಿರು ಪಂಪಿಗೆ ಹೋದ ಮನೆಗಳು ಬಹಳ. ಯಂತ್ರದಷ್ಟು ನಿಖರವಲ್ಲದ ಪರೀಕ್ಷೆಯೂ ಜೀವ ಉಳಿಸಬಹುದು ಅನ್ನೋದಕ್ಕೆ ಇದು ಸಾಕ್ಷಿ.

ಅನಿಲ ಬಿಡದ, ಪಾದರಸದ ಕಾಗದ ಬೇಡದ, ಫ್ರಿಜ್ ಕೇಳದ ನ್ಯಾನೊಜೈಮ್ ಪರೀಕ್ಷೆ ಆ ಕಿಟ್‌ನ ಜಾಗಕ್ಕೆ ಬರಬೇಕಾದರೆ ಕೆಂಪು ಹಸಿರಿನ ನಡುವೆ ಇನ್ನೊಂದು ಬಣ್ಣ ಇರಬೇಕು ಅನ್ನೋದು ನಮ್ಮ ಅನಿಸಿಕೆ. 10 ಪಿಪಿಬಿಯ ಟ್ಯೂಬಿಗಿಂತ ಸ್ಪಷ್ಟವಾಗಿ ಹೆಚ್ಚು ನೀಲಿ ಇದ್ದು, ಕಣ ಇಲ್ಲದ ಟ್ಯೂಬ್ ಬಣ್ಣವಿಲ್ಲದೇ ಉಳಿದಿದ್ದರೆ ಮಾತ್ರ ಹಸಿರು. ಸ್ಪಷ್ಟವಾಗಿ ಕಡಿಮೆ ಇದ್ದರೆ ಕೆಂಪು, ಬೇರೆ ನೀರಿನ ವ್ಯವಸ್ಥೆ ಅವತ್ತೇ. ಎರಡರ ನಡುವೆ ಬಂದದ್ದೆಲ್ಲ ಹಳದಿ: ಬಾಟಲಿ ಐಸಿಪಿ-ಎಂಎಸ್‌ಗೆ ಹೋಗಲಿ, ವರದಿ ಬರುವವರೆಗೆ ಕುಡಿಯಲು, ಅಡುಗೆಗೆ ಆ ನೀರು ಬೇಡ. ಇಷ್ಟಾದರೆ ದುಬಾರಿ ಯಂತ್ರದ ಮುಂದಿನ ಸಾಲು ಎಷ್ಟೋ ಚಿಕ್ಕದಾಗುತ್ತೆ. ಮಳೆಗಾಲ ಕಳೆದ ಮೇಲೊಮ್ಮೆ, ಬೇಸಿಗೆಯಲ್ಲೊಮ್ಮೆ ಮತ್ತೆ ಪರೀಕ್ಷಿಸಬೇಕು. ನೀರಿನ ಮಟ್ಟ ಏರಿಳಿದಂತೆ ಅದರಲ್ಲಿ ಕರಗಿರೋದೂ ಬದಲಾಗಬಹುದು. ಬಳಸಿದ ಟ್ಯೂಬ್‌ಗಳನ್ನು ಮಾತ್ರ ಬಾವಿಕಟ್ಟೆಯ ಮೇಲೆ ಚೆಲ್ಲಬೇಡಿ, ಡಬ್ಬಿಯಲ್ಲಿ ತುಂಬಿಸಿ ಲ್ಯಾಬ್‌ಗೆ ವಾಪಸ್ ತನ್ನಿ.